ಕಡೇ ಗೀಸ್ಕೆ

ಆಲ್ಡ್‌ಸೀಲ್ ಊರಿನಲ್ಲಿ ಗೀಸ್ಕೆ ಎಂಬ ಹೆಸರಿನವರು ಮೂವರಿದ್ದರು. ಬೇಕರಿಯ ಗೀಸ್ಕೆ, ಕಾಲುವೆ ತೂಬಿನ ಮನೆ ಗೀಸ್ಕೆ, ಮತ್ತೆ ಕಡೇ ಗೀಸ್ಕೆ. ಹೊಸಬರು ಈ ಮೂರನೆಯವಳು ಯಾರದೋ ಮನೆಯ ಕಡೇ ಮಗಳಿರಬೇಕು ಎಂದುಕೊಳ್ಳುತ್ತಿದ್ದರು. ನಿಜಕ್ಕೂ ಅವಳು ಐವರು ಮಕ್ಕಳಲ್ಲಿ ಹಿರಿಯಳು. ಆ ಹೆಸರು ಅವಳಿಗೆ ಬಂದದ್ದು ಮಂಜುಗಡ್ಡೆಯ ಮೇಲೆ.

ಆಗೆಲ್ಲ ಫ್ರೀಸ್‌ಲಾಂಡಿನ ಚಳಿಗಾಲ ಚಳಿಗಾಲದ ಹಾಗೇ ಇರುತ್ತಿತ್ತು. ಮೂಡಣ ಗಾಳಿ ವಾರ ಬಿಡದೆ ಬೀಸಿತೆಂದರೆ ಕಾಲುವೆಗಳು ಕಲ್ಲಾಗುತ್ತಿದ್ದವು. ದೋಣಿಗಳು ನಿಂತಲ್ಲೇ ಸೆರೆ ಸಿಕ್ಕುತ್ತಿದ್ದವು. ಶಾಲೆಯ ಮೇಷ್ಟ್ರು ಮೊದಲು ತಮ್ಮ ಸ್ಕೇಟು ಕಟ್ಟಿಕೊಂಡು, ಆಮೇಲೆ ಮಕ್ಕಳಿಗೆ ರಜೆ ಸಾರುತ್ತಿದ್ದರು. ಮಂಜುಗಡ್ಡೆ ಗೇಣುದ್ದ ದಪ್ಪವಾಯಿತೆಂದು ಹಿರಿಯರು ಒಪ್ಪಿದ ಮರುದಿನವೇ ‘ಏಳು ಗೋಪುರದ ಸುತ್ತು’. ಬೆಳಕು ಹರಿಯುವ ಮೊದಲು ಹೊರಟು, ಕಾಲುವೆ ಹಿಡಿದು, ದೊಡ್ಡ ಕೆರೆ ದಾಟಿ, ಏಳು ಊರುಗಳ ಚರ್ಚಿನ ಗೋಪುರದ ಬುಡದಲ್ಲಿ ಚೀಟಿಗೆ ಮುದ್ರೆ ಹಾಕಿಸಿಕೊಂಡು, ರಾತ್ರಿ ಎಂಟರ ಗಂಟೆ ಹೊಡೆಯುವುದರೊಳಗೆ ಆಲ್ಡ್‌ಸೀಲ್‌ಗೆ ಮರಳಬೇಕು. ಮರಳಿದವರಿಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಪದಕ. ಅದನ್ನು ಕೋಟಿಗೆ ಸಿಕ್ಕಿಸಿಕೊಂಡು ಭಾನುವಾರ ಪ್ರಾರ್ಥನೆಗೆ ಬಂದವರ ಗತ್ತೇ ಬೇರೆ.

ಗೀಸ್ಕೆ ಡೈರಿಯಲ್ಲಿ ಹಾಲಿನ ಕ್ಯಾನು ತೊಳೆಯುವವಳು. ಸುತ್ತಿನ ದಿನ ಮಾತ್ರ ಸೇತುವೆಯ ಪಕ್ಕ ಮಂಜುಗಡ್ಡೆಯ ಮೇಲೇ ಒಲೆ ಹೂಡಿ ಬಟಾಣಿ ಸೂಪು ಮಾರುತ್ತಿದ್ದಳು. ಅವಳ ಅಮ್ಮನ ಕಾಲದಿಂದ ನಡೆದುಬಂದ ಪದ್ಧತಿ ಅದು. ಜನ ಬಗ್ಗಿದ ಬೆನ್ನಿನಲ್ಲಿ ಸರ್ರನೆ ಬಂದು, ನಿಂತಲ್ಲೇ ಸೂಪು ಕುಡಿದು, ಸರ್ರನೆ ತಿರುವಿನಲ್ಲಿ ಮರೆಯಾಗುತ್ತಿದ್ದರು. ಹುಡುಗಿಯಾಗಿದ್ದಾಗಿನಿಂದ ನಲವತ್ತರ ಹತ್ತಿರ ಬರುವವರೆಗೂ ಅವಳು ಕಂಡದ್ದು ಆ ತಿರುವಿನವರೆಗೆ. ಒಂದು ಚಳಿಗಾಲ, ಸುತ್ತಿನ ಹಿಂದಿನ ಸಂಜೆ, ಸೌಟನ್ನು ತಂಗಿ ಹಿಲ್ಕೆಯ ಕೈಗೆ ಕೊಟ್ಟಳು.

“ಎಲ್ರೂ ನನ್ ಮುಂದೇನೇ ಹೋಗ್ತಾರೆ. ಎಲ್ಲಿಗೆ ಹೋಗ್ತಾರೆ ಅಂತ ನಾನೂ ಒಂದ್ಸಲ ನೋಡ್ತೀನಿ,” ಎಂದಳು.

ಹಿಲ್ಕೆ ಅಕ್ಕನ ಸೊಂಟದ ಸುತ್ತಳತೆಯನ್ನು ನೋಡಿ, ಮಧ್ಯಾಹ್ನದ ಸೂಪಿಗೆ ಬಂದುಬಿಡ್ತೀಯ ಬಿಡು ಎಂದಳಂತೆ.

ಗೀಸ್ಕೆ ಚಳಿ ತಡೆಯಲೆಂದು ಎದೆಗೆ ಹಳೆ ಪತ್ರಿಕೆ ತುರುಕಿಕೊಂಡು, ಅಪ್ಪನ ಮರದ ಸ್ಕೇಟುಗಳನ್ನು ಬೂಟಿಗೆ ಬಿಗಿದುಕೊಂಡು ಹೊರಟಳು. ಅವಳು ಜಾರುತ್ತಿದ್ದುದು ಹಸು ಕೊಟ್ಟಿಗೆಗೆ ನಡೆದ ಹಾಗೆ: ಬೀಳುತ್ತಿರಲಿಲ್ಲ, ನಿಲ್ಲುತ್ತಿರಲಿಲ್ಲ, ಅವಸರವನ್ನೂ ಪಡುತ್ತಿರಲಿಲ್ಲ. ಎರಡನೆಯ ಊರು ಬರುವ ಹೊತ್ತಿಗೆ ಅವಳ ಹಿಂದೆ ಉಳಿದವನು ಒಬ್ಬನೇ, ಅವನೂ ಓಟದವನಲ್ಲ. ರೀಡ್‌ಹೂಕ್ ಊರಿನ ತ್ಯಾಲಿಂಗ್, ಹಾವುಮೀನು ಹಿಡಿಯುವವನು. ಕೊನೆಯವರ ಬೆನ್ನಿಗೇ ಬಂದು, ಮಂಜುಗಡ್ಡೆ ತೆಳುವಿದ್ದ ಕಡೆ ನೆಟ್ಟ ಕೆಂಪು ಬಾವುಟಗಳನ್ನು ಕಿತ್ತು ಪುಟ್ಟ ಜಾರುಬಂಡಿಗೆ ತುಂಬಿಕೊಳ್ಳುವುದು ಅವನ ಕೆಲಸ. ಕೊನೆಯವರು ಊರು ಮುಟ್ಟದೆ ಅವನಿಗೆ ಬಿಡುಗಡೆಯಿಲ್ಲ.

ರೀಡ್‌ಹೂಕ್ ಕ್ಯಾಥೊಲಿಕ್ಕರ ಊರು. ಆ ದಿನಗಳಲ್ಲಿ ಅವರಿಗೂ ಪ್ರೊಟೆಸ್ಟೆಂಟರಾದ ಆಲ್ಡ್‌ಸೀಲ್‌ನವರಿಗೂ ಕೊಡುಕೊಳ್ಳುವಿಕೆಯೇ ಇರಲಿಲ್ಲ. ಅವರ ಬೇಕರಿ ಬೇರೆ, ಶಾಲೆ ಬೇರೆ, ಆಡು ಸಾಕುವವರ ಸಂಘ ಕೂಡ ಬೇರೆ. ಹಾಗಾಗಿ ಮೊದಲ ಒಂದು ಗಂಟೆ ಇಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ತ್ಯಾಲಿಂಗನೇ ಸೋತ.

“ಏನ್ರೀ, ಈ ಬಂಡೀಲಿ ಜಾಗ ಇದೆ. ಕೂತ್ಕೊಳ್ಳಿ, ಎಳ್ಕೊಂಡು ಹೋಗ್ತೀನಿ. ಇಬ್ರೂ ಬೇಗ ಮನೆ ಸೇರ್ಬಹುದು.”

“ಬಾವುಟದ ಜೊತೆ ನನ್ನೂ ಕಿತ್ಕೊಂಡು ಹೋಗೋಣ ಅಂತಾನಾ? ಯಾಕೆ, ಮನೇಲಿ ಏನ್ ಕಾದಿದೆ?”

ಮನೆಯಲ್ಲಿ ಹೆಂಡತಿ ಆಫ್ಕೆ ಬೇಕನ್ ಹಾಕಿ ದಪ್ಪ ದೋಸೆ ಹುಯ್ಯುತ್ತಿರುತ್ತಾಳೆ ಎಂದ ತ್ಯಾಲಿಂಗ್. ದೋಸೆ ಬಿಸಿ ಮಾಡಿದರೂ ಚೆನ್ನಾಗಿರುತ್ತದೆ ಎಂದು ಗೀಸ್ಕೆ ಮುಂದೆ ಸಾಗಿದಳು. ಆಮೇಲೆ ಮಾತು ನಿಲ್ಲಲಿಲ್ಲ. ಹಾವುಮೀನಿಗೆ ಹೊಗೆ ಹಾಕುವ ಬಗೆ, ಡೈರಿಯ ಮೇಸ್ತ್ರಿಯ ಜಿಪುಣತನ, ಬೆಳೆದು ಮಾತು ಕೇಳದ ಮಕ್ಕಳು. ಒಂದೊಂದು ಊರು ದಾಟಿದಾಗಲೂ ಇವರ ಬೆನ್ನಿಗೇ ಸೂಪಿನವರು ಅಂಗಡಿ ಎತ್ತುತ್ತಿದ್ದರು. ಉಳಿದ ಸೂಪನ್ನು ಸುಮ್ಮನೆ ಚೆಲ್ಲುವುದೇಕೆಂದು ಇವರಿಬ್ಬರಿಗೇ ಸುರಿಯುತ್ತಿದ್ದರು.

ಕಷ್ಟ ಬಂದದ್ದು ದೊಡ್ಡ ಕೆರೆಯ ಮೇಲೆ. ಕತ್ತಲಾಗಿತ್ತು, ಗಾಳಿ ಎದುರಿಗಿತ್ತು. ಗೀಸ್ಕೆ ಎರಡು ಹೆಜ್ಜೆ ಜಾರಿದರೆ ಗಾಳಿ ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತಿತ್ತು. ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮೇಲೇ ಹೆಪ್ಪುಗಟ್ಟಿತು. ಬಾವುಟದವನು ಕೊನೆಯವರನ್ನು ದಾಟಿ ಮುಂದೆ ಹೋಗಕೂಡದು ಎಂಬುದು ಸಂಘದ ನಿಯಮ. ತ್ಯಾಲಿಂಗ್ ಸುತ್ತ ನೋಡಿದ. ಒಂದು ನರಪಿಳ್ಳೆಯೂ ಇರಲಿಲ್ಲ. ಅವಳ ಮುಂದಕ್ಕೆ ಬಂದು, ತನ್ನ ಅಗಲ ಎದೆಯನ್ನು ಗಾಳಿಗೆ ಒಡ್ಡಿಕೊಂಡು ಜಾರತೊಡಗಿದ. ಗೀಸ್ಕೆ ಅವನ ಕೋಟಿನ ಮೇಲೆ ಕಣ್ಣು ನೆಟ್ಟು ಹಿಂಬಾಲಿಸಿದಳು. ಕೆರೆಯ ಆಚೆ ದಡದಲ್ಲಿ ಮೊದಲ ದೀಪ ಕಂಡ ಕೂಡಲೇ ಅವನು ಪಕ್ಕಕ್ಕೆ ಸರಿದು, ಅವಳಿಗೆ ದಾರಿ ಬಿಟ್ಟುಕೊಟ್ಟು, ಮತ್ತೆ ಹಿಂದೆ ಸೇರಿಕೊಂಡ. ಆ ವಿಷಯವನ್ನು ಅವರಿಬ್ಬರೂ ಯಾರ ಮುಂದೆಯೂ ಎತ್ತಲಿಲ್ಲ.

ಅವಳು ಆಲ್ಡ್‌ಸೀಲ್ ಮುಟ್ಟಿದಾಗ ಎಂಟಕ್ಕೆ ಇನ್ನೇನು ಸ್ವಲ್ಪ ಹೊತ್ತಿತ್ತು. ಮೇಷ್ಟ್ರು ಮೇಜು ಮಡಿಸಿ ಆಗಿತ್ತು, ಪದಕದ ಪೆಟ್ಟಿಗೆಗೆ ಹಗ್ಗವನ್ನೂ ಬಿಗಿದಿದ್ದರು. ಗೊಣಗುತ್ತಲೇ ಹಗ್ಗ ಬಿಚ್ಚಿದರು. ಮರುದಿನದಿಂದ ಅವಳು ಕಡೇ ಗೀಸ್ಕೆ. ಡೈರಿಯಲ್ಲಿ ಗಂಡಸರು, ‘ಕಡೇ ಗೀಸ್ಕೆ ಬಂದಳು, ಇನ್ನು ಬಾಗಿಲು ಹಾಕ್ರೋ’ ಎಂದು ಹಾಸ್ಯ ಮಾಡಿದರೆ ಅವಳೂ ನಗುತ್ತಿದ್ದಳು. ಆ ಬಾಯಿಬಡುಕರಲ್ಲಿ ಅರ್ಧ ಜನ ಸುತ್ತಿಗೆ ಹೋದವರೇ ಅಲ್ಲ.

ಮತ್ತೆ ಅಷ್ಟು ಗಟ್ಟಿಯಾಗಿ ಕಾಲುವೆ ಕಟ್ಟಿದ್ದು ಐದಾರು ವರ್ಷಗಳ ನಂತರ. ಆ ಸಲ ಡೈರಿಯವರು ತಮಾಷೆಗೆಂದು ಕೊನೆಯಲ್ಲಿ ಬಂದವರಿಗೆ ಲವಂಗದ ಚೀಸು, ಅದೂ ಬಂಡಿಗಾಲಿಯಂಥ ಇಡೀ ಚಕ್ರ, ಬಹುಮಾನ ಇಟ್ಟರು. ಅದು ಗೀಸ್ಕೆಗೇ ಎಂದು ಊರಿಗೆಲ್ಲ ಗೊತ್ತಿತ್ತು. ಆದರೆ ಕಟುಕನ ಮಕ್ಕಳಾದ ಯೌಕೆ, ಲೋಲ್ಕೆ ಎಂಬ ಪುಂಡರಿಬ್ಬರು ಬೇರೆ ಲೆಕ್ಕ ಹಾಕಿದ್ದರು. ಐದನೆಯ ಊರು ದಾಟಿ, ಸೇತುವೆಯ ಕೆಳಗೆ ಜೊಂಡಿನ ಮರೆಯಲ್ಲಿ ಕೂತು, ಸಿಗರೇಟು ಹಚ್ಚಿ, ಗೀಸ್ಕೆ ಮುಂದೆ ಹೋಗಲಿ ಎಂದು ಕಾದರು.

ಗೀಸ್ಕೆ ಹೋದಳು. ಬೆನ್ನ ಹಿಂದೆ ತ್ಯಾಲಿಂಗನ ಜಾರುಬಂಡಿಯ ಕಿರಕಿರ ಸದ್ದು ಕೇಳಿಸುತ್ತಿಲ್ಲವಲ್ಲ ಎಂದು ಅವಳಿಗೆ ಹೊಳೆದದ್ದು ತುಸು ದೂರ ಹೋದ ಮೇಲೆ. ಆರನೆಯ ಊರಿನಲ್ಲಿ ಮುದ್ರೆ ಹಾಕುವಾಕೆ, ನಿನ್ನ ಹಿಂದೆ ಇನ್ನೂ ಇಬ್ಬರಿದ್ದಾರೆ, ಈ ಸಲ ಹೆಸರು ಕಳಚಿತು ಬಿಡು ಎಂದು ಬೆನ್ನು ತಟ್ಟಿದಳು. ಹಿಗ್ಗಬೇಕಾಗಿತ್ತು. ಹಿಗ್ಗಲಿಲ್ಲ. ಕಾಲುವೆಯ ಎರಡೂ ದಡ ಒಂದೇ ಸಮ ಬೆಳ್ಳಗಿದ್ದವು, ಹೇಳಬೇಕೆಂದುಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಇಷ್ಟು ವರ್ಷ ತಾನು ಈ ಚಳಿಗಾಗಿ ಕಾದದ್ದು ಮಂಜುಗಡ್ಡೆಗೋಸ್ಕರ ಮಾತ್ರವಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

ಆಲ್ಡ್‌ಸೀಲ್‌ನ ಗೋಪುರ ಕಾಣುತ್ತಿದ್ದಂತೆ ಹಿಂದಿನಿಂದ ಏದುಸಿರು ಕೇಳಿತು. ಕಟುಕನ ಮಕ್ಕಳಿಬ್ಬರೂ ಬೆವರು ಸುರಿಸಿಕೊಂಡು, ಅವಳನ್ನು ಸವರಿಕೊಂಡೇ ಮುಂದೆ ಹೋದರು. “ದಾರಿ ಬಿಡು ಗೀಸ್ಕೆ ಅತ್ತೆ, ಆ ಮುದುಕನಿಗೆ ತಲೆ ಕೆಟ್ಟಿದೆ,” ಎಂದ ಲೋಲ್ಕೆ. ಅವರ ಹಿಂದೆಯೇ ಕಿರಕಿರ ಸದ್ದು ಬಂತು.

“ಏನ್ ಮಾಡ್ದೆ ಆ ಹುಡುಗ್ರಿಗೆ?” ಎಂದಳು ಗೀಸ್ಕೆ, ತಿರುಗಿ ನೋಡದೆ.

“ಏನೂ ಇಲ್ಲ. ಪಕ್ಕದಲ್ಲಿ ಬಂಡಿ ನಿಲ್ಸಿ ಬುತ್ತಿ ಬಿಚ್ಚಿ ಕೂತೆ. ನನಗೇನೂ ಅವಸರ ಇಲ್ಲಪ್ಪ, ಎಂಟು ಹೊಡೆದ ಮೇಲೇ ಹೋಗೋಣ, ಆಮೇಲೆ ಹೋದ್ರೆ ಪದಕಾನೂ ಇಲ್ಲ ಚೀಸೂ ಇಲ್ಲ, ಆದ್ರೆ ನಂಗೆ ನಿಮ್ ಸಹವಾಸ ಇರುತ್ತಲ್ಲ ಅಂದೆ. ಹಾವುಮೀನಿನ ವಿಷಯ ಶುರು ಮಾಡ್ದೆ. ಜಾಸ್ತಿ ಹೊತ್ತು ತಡ್ಕೊಳ್ಲಿಲ್ಲ.” ಬಂಡಿಯ ಹಗ್ಗವನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದ: “ನೀನು ಇನ್ನೊಂಚೂರು ನಿಧಾನಕ್ಕೆ ಹೋಗ್ಬಾರ್ದಿತ್ತಾ ಗೀಸ್ಕೆ? ನಿನ್ನ ಹಿಡಿಯೋಕೆ ನನ್ ಶ್ವಾಸವೇ ಹೋಯ್ತು.”

ನನ್ನ ಹಿಂದೆ ಬರುವವನಿಗೆ ಹೆಂಡತಿಯ ದೋಸೆ ಜಾಸ್ತಿಯಾಗಿದೆ ಎಂದಳು ಅವಳು. ಮಿಕ್ಕ ದಾರಿ ಇಬ್ಬರೂ ಆತುರಪಡದೆ ಬಂದರು. ಮೇಷ್ಟ್ರು ಈ ಸಲ ಪೆಟ್ಟಿಗೆಗೆ ಹಗ್ಗ ಬಿಗಿದಿರಲಿಲ್ಲ.

ಹಿಮ ಕರಗಿದ ಮೇಲೆ ಒಂದು ಭಾನುವಾರ ಗೀಸ್ಕೆ ಚೀಸಿನ ಅರ್ಧ ಭಾಗವನ್ನು ಸೈಕಲ್ಲಿಗೆ ಕಟ್ಟಿಕೊಂಡು ರೀಡ್‌ಹೂಕ್‌ಗೆ ಹೋದಳು. ಆಲ್ಡ್‌ಸೀಲ್‌ನ ಹೆಂಗಸು ಆ ಊರಿನ ಮನೆಯೊಂದರ ಒಳಗೆ ಕೂತು ಕಾಫಿ ಕುಡಿದದ್ದು ಎರಡೂ ಊರುಗಳಲ್ಲಿ ತಿಂಗಳುಗಟ್ಟಲೆ ಸುದ್ದಿಯಾಯಿತು. ಆಫ್ಕೆ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ನನ್ನ ಗಂಡನನ್ನು ದಿನವಿಡೀ ಕಾಯಿಸಿದವಳು ನೀನೇನಾ ಎಂದು ಕೇಳಿ, ಎರಡನೇ ಬಟ್ಟಲು ಸುರಿದಳು.

ಆಮೇಲೂ ಎರಡು ಸಲ ಸುತ್ತು ನಡೆಯಿತು. ಎರಡು ಸಲವೂ ಗೀಸ್ಕೆ ಕೊನೆಯಲ್ಲಿ ಬಂದಳು, ತ್ಯಾಲಿಂಗ್ ಅವಳ ಹಿಂದೆ ಬಂದ. ಆಮೇಲೆ ಚಳಿ ಮೆತ್ತಗಾಯಿತು. ಮೂಡಣ ಗಾಳಿ ಎರಡು ದಿನ ಬೀಸಿ, ಮೂರನೆಯ ದಿನ ಪಡುವಣ ಗಾಳಿ ಮಳೆ ತರುತ್ತಿತ್ತು. ಸಂಘದವರು ವರ್ಷವರ್ಷವೂ ಸಭೆ ಸೇರಿ, ಕಾಫಿ ಕುಡಿದು, ಮಂಜುಗಡ್ಡೆಯಿಲ್ಲವೆಂದು ತೀರ್ಮಾನಿಸಿ ಏಳುತ್ತಿದ್ದರು. ಹುಡುಗರು ಪಟ್ಟಣದ ಸೂರಿನ ಕೆಳಗೆ, ಯಂತ್ರ ಕಟ್ಟಿದ ಮಂಜುಗಡ್ಡೆಯ ಮೇಲೆ ದುಂಡಗೆ ಸುತ್ತುವುದನ್ನು ಕಲಿತರು.

ಆಫ್ಕೆ ತೀರಿಕೊಂಡ ವರ್ಷದಿಂದ, ಮಾಗಿಯ ಚಳಿ ಹುಟ್ಟಿತೆಂದರೆ ತ್ಯಾಲಿಂಗ್ ಬೆಳಿಗ್ಗೆ ಎದ್ದವನೇ ಗೀಸ್ಕೆಗೆ ಫೋನು ಮಾಡುವುದು ರೂಢಿಯಾಯಿತು. ಅವನ ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಗೀಸ್ಕೆ ಅಷ್ಟರಲ್ಲಿ ವಯಸ್ಸಾದವರ ಮನೆ ಸೇರಿದ್ದಳು. ಸೊಂಟದಲ್ಲಿ ಲೋಹದ ಕೀಲು, ಕೈಗೊಂದು ಕೋಲು. ಸುತ್ತಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಆದರೂ ಫೋನೆತ್ತಿದ ಕೂಡಲೇ ಕೇಳುತ್ತಿದ್ದುದು ಅದನ್ನೇ.

“ಹೇಗಿದೆಯೋ ಅಲ್ಲಿ?”

“ಬಾತುಕೋಳಿ ಈಜ್ತಿವೆ.”

“ದಡದ ಹತ್ರಾನಾದ್ರೂ?”

“ದಡದ ಹತ್ರಾನೂ ಈಜ್ತಿವೆ ಗೀಸ್ಕೆ.”

ಸರಿ ಬಿಡು, ನಾಳೆ ನೋಡೋಣ ಎಂದು ಅವಳು ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಂಡು, ರಾತ್ರಿ ಏನು ಅಡುಗೆ ಮಾಡಿಕೊಂಡೆ ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಆಚೆ ದಾದಿ ತಿಂಡಿಗೆ ಕರೆಯುವವರೆಗೂ ಫೋನು ಕೆಳಗಿಡುತ್ತಿರಲಿಲ್ಲ.