ಪೂಜೆಗೆ ಕೂತ ಸ್ಕ್ರೂಡ್ರೈವರ್

ಸ್ಪ್ರಿಂಗ್ ಹಾರಿದ್ದನ್ನು ನೋಡಿದೆ ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಬರೆಯಲು ಕೂತಾಗ ಅನುಮಾನ. ಆ ಗಳಿಗೆಯಲ್ಲಿ ನಾನು ಕಣ್ಣು ಮುಚ್ಚಿದ್ದೆ.

ಸಂಪಗಾಂವದ ನಮ್ಮ ಮನೆಯಲ್ಲಿ ಹಳೇ ನಮೂನೆಯ ಒಂದು ರಿವಾಲ್ವರ್ ಇದೆ. ಲೈಸೆನ್ಸು ಕಾಕಾನ ಹೆಸರಿನಲ್ಲಿ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ಬೆಳಿಗ್ಗೆ ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ದೇವರ ಮುಂದಿಡುವುದು ರೂಢಿ. ಕಾಕಾನ ಎಡಗಣ್ಣು ಕಬ್ಬಿನ ಒಣಗರಿ, ರವದಿ, ತಾಗಿ ಎಂದೋ ಹೋಗಿತ್ತು. ಉಳಿದ ಬಲಗಣ್ಣನ್ನೇ ಅವರು ರಿವಾಲ್ವರಿನ ಸ್ಪ್ರಿಂಗಿನ ಹತ್ತಿರ ಒಯ್ಯುತ್ತಿದ್ದರು.

ಆ ವರ್ಷ ಗುಂಡಿನ ಆರೂ ಗೂಡು ಖಾಲಿ ಇವೆಯೆಂದು ಮೂರು ಸಲ ನೋಡಿದೆವು. ಹಿಡಿಕೆಯೊಳಗೆ ಬಿಲ್ಲಿನಂತೆ ಬಾಗಿ ಕೂತಿದ್ದ ಉಕ್ಕಿನ ಪಟ್ಟಿಯನ್ನು, ಅದೇ ದೊಡ್ಡ ಸ್ಪ್ರಿಂಗನ್ನು, ಹಾರದಂತೆ ಒದ್ದೆ ಟವೆಲ್ಲಿನ ಕೆಳಗೆ ಬಿಚ್ಚಿದೆವು. ಮತ್ತೆ ಹಾಕುವಷ್ಟರಲ್ಲಿ ಸ್ಕ್ರೂಡ್ರೈವರ್, ಇಕ್ಕಳದಂಥ ಪಕ್ಕಡ ಎರಡೂ ಮಾಯ. ಕಕ್ಕಿ ಅವನ್ನು ತೊಳೆದು, ಕುಂಕುಮ ಹಚ್ಚಿ, ಕುಡಗೋಲಿನ ಪಕ್ಕ ಪೂಜೆಗೆ ಇಟ್ಟಿದ್ದರು. ಒಮ್ಮೆ ಕೂತ ಕಬ್ಬಿಣವನ್ನು ಮರುದಿನದವರೆಗೆ ಎತ್ತುವಂತಿಲ್ಲ.

"ಇನ್ನ ಸ್ಪ್ರಿಂಗ್ ಹಾಕೋದ ಐತಿ, ಮಾರಾಯ್ತಿ."

"ಮುಂಜಾನಿಂದ ತಿಕ್ಕಾಕ ಹತ್ತೀರಿ, ಮುಗೀತು ಅಂತ ತಿಳದ್ನಿ. ನಾಳೆ ಹಾಕ್ರಿ."

"ಕುಂಟ ಆಯುಧ ಇಡ್ಲೇನು ದೇವರ ಮುಂದ?"

"ನೀವು ಒಂದ ಕಣ್ಣಿಲೆ ಕೂಡ್ತೀರಿ, ಅದು ಕುಂಟಾಗಿ ಕೂಡಂಗಿಲ್ಲೇನು?"

ಕಾಕಾ ನಕ್ಕರು. ಹಿತ್ತಾಳೆ ಕಬ್ಬಿಣವಲ್ಲ, ಅದಕ್ಕೆ ಆ ನೇಮವಿಲ್ಲವೆಂದು ಟವೆಲ್ಲಿನ ಕೆಳಗೆ ಹಿತ್ತಾಳೆ ಚಮಚದ ಹಿಡಿಕೆಯಿಂದ ಸ್ಪ್ರಿಂಗ್ ಒತ್ತತೊಡಗಿದರು.

"ಟವೆಲ್ ತಗಿ, ಏನೂ ಕಾಣವಲ್ದು."

"ಕಾಕಾ, ಬ್ಯಾಡ್ರಿ."

"ತಗೀವಾ. ರಿವಾಲ್ವರ್ ಗಟ್ಟಿ ಹಿಡಿ."

ತೆಗೆದೆ. ಮೆತ್ತಗಿನ ಹಿತ್ತಾಳೆ ಬಾಗಿತು. ಟಣ್ ಎಂದಿತು.

ಕಣ್ಣು ಬಿಟ್ಟಾಗ ಕಾಕಾ ಬಲಗಣ್ಣಿನ ಮೇಲೆ ಅಂಗೈ ಒತ್ತಿಕೊಂಡಿದ್ದರು. ಬೆರಳ ಸಂದಿನಿಂದ ರಕ್ತ ಇಳಿಯುತ್ತಿತ್ತು. ಕಕ್ಕಿಯ ಕೈಯಲ್ಲಿ ಆರತಿ ತಟ್ಟೆ ಇತ್ತೆಂದು ನನ್ನ ನೆನಪು. ಹೂವಿನ ಬುಟ್ಟಿ ಎನ್ನುತ್ತಾರೆ ಅವರು.

"ಕೈ ತಗೀರಿ ಕಾಕಾ."

ತೆಗೆಯಲಿಲ್ಲ. ಸಣ್ಣ ದನಿಯಲ್ಲಿ ಕೇಳಿದರು. "ದೀಪ ಹಚ್ಚೇರೇನು? ಮೊದಲ ಅದನ್ನ ಹೇಳು. ಕಾಣಲಿಲ್ಲಂದ್ರ ನನಗ ಗೊತ್ತಾಗಬೇಕಲ್ಲ."

"ಹಚ್ಚೇರಿ," ಎಂದೆ.

ಕೈ ಇಳಿಯಿತು. ಗಾಯ ಹುಬ್ಬಿನದು. ಕೆಳಗೆ ಕಣ್ಣು ರಕ್ತಕ್ಕೆ ಅಂಟಿದ ರೆಪ್ಪೆಗಳನ್ನು ಮೆಲ್ಲಗೆ ಬಿಡಿಸಿಕೊಂಡಿತು.

"ಎರಡು ದೀಪ," ಎಂದರು.

ರಿವಾಲ್ವರ್ ಕುಂಟಾಗಿಯೇ ಪೂಜೆಗೆ ಕೂತಿತು, ಪಕ್ಕದ ತಟ್ಟೆಯಲ್ಲಿ ಸ್ಪ್ರಿಂಗ್.

ಕಾಕಾ ಚಮಚ ಹಿಡಿದಾಗ ಸ್ಕ್ರೂಡ್ರೈವರ್ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಇಂಥ ನೇಮಗಳನ್ನೆಲ್ಲ ನಂಬುವುದಿಲ್ಲವೆಂದು ಯೂನಿವರ್ಸಿಟಿಯಲ್ಲಿ ವಾದ ಮಾಡಿದವಳು ನಾನು. ಕೈ ಯಾಕೆ ಅತ್ತ ಹೋಗಲಿಲ್ಲ? ಟವೆಲ್ ತೆಗೆದದ್ದು ಮಾತ್ರ ಈ ಕೈಯೇ. ಅದರ ಬಗ್ಗೆ ನನ್ನ ನೆನಪಿಗೆ ಅನುಮಾನವಿಲ್ಲ.