ಅಪ್ಪ ಆರಿಸಿದ ಹೆಡ್‌ಫೋನ್

ಹೋದ ವಾರ ಗಡಹಿಂಗ್ಲಜದಿಂದ ಅಕ್ಕ ಫೋನ್ ಮಾಡಿದ್ದಳು. ಆಕೆ ಫೋನ್ ಮಾಡುವುದೇ ಅಪರೂಪ. "ತಮ್ಮಾ, ನಮ್ಮ ಹುಡುಗಿಗೆ ಹಾಡ ಕೇಳೂ ಹೆಡ್‌ಫೋನ್ ಬೇಕಂತ. ಅಗ್ಗದ್ದ ಬ್ಯಾಡಂತ, ಭಾಳ ತುಟ್ಟೀದ ನನಗ ಬ್ಯಾಡ. ನಿನಗ ಅದರಾಗ ತಿಳೀತೈತಲ್ಲಾ, ಒಂದ ಚಲೋದ ಆರಿಸಿ ಹೇಳು" ಎಂದಳು. ಹೂಂ ಎಂದು ಇಟ್ಟೆ. ನನಗೆ ಅದರಲ್ಲಿ ತಿಳಿಯುತ್ತದೆ ಎಂದು ಆಕೆಗೆ ಯಾರು ಹೇಳಿದರೋ! ಈ ಜನ್ಮದಲ್ಲಿ ನಾನು ಕೊಂಡದ್ದು ಒಂದೇ ಒಂದು ಒಳ್ಳೆಯ ಹೆಡ್‌ಫೋನ್. ಅದನ್ನೂ ಆರಿಸಿದವನು ನಾನಲ್ಲ, ಅಪ್ಪ.

ಎಂಟು ವರ್ಷದ ಹಿಂದಿನ ಮಾತು. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ನಾನು ಬಿಲ್ಲು ಬರೆಯುತ್ತಿದ್ದೆ. ಗೆಳೆಯನೊಬ್ಬ ಅರ್ಧ ಗಂಟೆ ತನ್ನ ಹೆಡ್‌ಫೋನ್ ಕೊಟ್ಟಿದ್ದೇ ನೆಪ, ತಲೆ ಕೆಟ್ಟಿತು. ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತ್ತು ನೋಡಿ! ಅಲ್ಲಿಂದ ಮೂರು ತಿಂಗಳು ಮೊಬೈಲಿನಲ್ಲಿ ಅದೇ ಓದು, ಅದೇ ವಿಡಿಯೋ. ಬಾಸು, ಟ್ರೆಬಲ್ಲು ಎಂದು ದೊಡ್ಡ ಪಂಡಿತನಂತೆ ಮಾತಾಡತೊಡಗಿದೆ. ಹಿಂಬದಿ ತೆರೆದಿರುವ ನಮೂನೆಯಲ್ಲಿ ಹಾಡು ಎದುರಿಗೇ ಕೂತು ಹಾಡಿದಂತೆ ಕೇಳುತ್ತದಂತೆ, ಆದರೆ ಹೊರಗಿನ ಸದ್ದೂ ಒಳಗೆ ಬರುತ್ತದಂತೆ. ನಮ್ಮ ಓಣಿಯಲ್ಲಿ ಹೊರಗಿನ ಸದ್ದೆಂದರೆ ಸಾಲುಸಾಲು ಮಗ್ಗ. ದುಡ್ಡು ಕೊಟ್ಟು ಮತ್ತೆ ಮಗ್ಗವನ್ನೇ ಕೇಳಬೇಕೇ? ಕೊನೆಗೆ, ಇದನ್ನು ಅಪ್ಪನ ಕಿವಿಗೇ ಬಿಡೋಣ ಎಂದುಕೊಂಡೆ.

ಅಪ್ಪನ ಕಿವಿಯ ಮೇಲೆ ಓಣಿಗೆಲ್ಲ ಭರವಸೆಯಿತ್ತು. ಬೆಳಗಾವಿ ಕಡೆಯ ಹಳ್ಳಿಯಿಂದ ಹುಡುಗನಾಗಿ ಬಂದು, ಮೂವತ್ತು ವರ್ಷ ಬೇರೆಯವರ ಪಾವರ್‌ಲೂಮ್ ನಡೆಸಿದವನು. ಮಗ್ಗ ಕೈಕೊಟ್ಟರೆ ರಿಪೇರಿಯ ಜಾಬರ್ ಬರುವ ಮೊದಲೇ ಅಪ್ಪ ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಲಾಳಿ ಎಲ್ಲಿ ತಡೆಯುತ್ತಿದೆ ಎಂದು ಹೇಳಿಬಿಡುತ್ತಿದ್ದ. ಶ್ರಾವಣದಲ್ಲಿ ಭಜನೆಗೆ ತಾಳ ಹಿಡಿಯುವವನೂ ಅವನೇ.

ನಮ್ಮಂಥ ಮನೆಗಳ ಒಂದು ಚಾಳಿ ನಿಮಗೆ ಹೇಳಬೇಕು. ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲವಲ್ಲ, ಅದಕ್ಕೆ ಅಲ್ಲಿ ಎಲ್ಲರೂ ಭುಜ ತಟ್ಟಿ, ಎದುರಿಗೆ ನಿಂತು, ಬರೀ ತುಟಿಯಲ್ಲೇ ಮಾತಾಡುತ್ತಾರೆ. ಆ ಚಾಳಿ ಮನೆಗೂ ಬರುತ್ತದೆ. ಕರೆಂಟು ಹೋಗಿ ಓಣಿಯೆಲ್ಲ ಶಾಂತವಾಗಿದ್ದಾಗಲೂ ನಮ್ಮಲ್ಲಿ "ಇನ್ನೊಂದ ರೊಟ್ಟಿ ಹಾಕು" ಎನ್ನುವುದಕ್ಕೆ ತುಟಿ ಅಲ್ಲಾಡುತ್ತಿತ್ತೇ ಹೊರತು ದನಿ ಬರುತ್ತಿರಲಿಲ್ಲ. ಬಂದ ಬೀಗರು ಇವರಿಗೇನು ಗ್ರಹಚಾರ ಎಂದು ಮುಖಮುಖ ನೋಡುತ್ತಿದ್ದರು. ನಾವು ನಗುತ್ತಿದ್ದೆವು.

ಅಕ್ಕ ತಾನೇ ಮೆಚ್ಚಿದವನನ್ನು ಮದುವೆಯಾಗಿ ಗಡಹಿಂಗ್ಲಜಕ್ಕೆ ಹೋಗಿದ್ದಳು. ಅಪ್ಪ ಒಂದು ತಿಂಗಳು ಮುನಿಸಿಕೊಂಡಿದ್ದು, ಕೊನೆಗೆ ತಾನೇ ಹೋಗಿ ಅಕ್ಕಿಕಾಳು ಹಾಕಿ ಹರಸಿ ಬಂದ. ಕೆಲ ವರ್ಷ ಹೋಗಿ ಬರುವುದೂ ನಡೆದಿತ್ತು. ಆದರೆ ಆಕೆಯ ಫೋನ್ ಬಂದರೆ "ಹೌದು, ಹೌದು. ಆತು, ಇಡ್ತೇನಿ" ಇಷ್ಟೇ ಅಪ್ಪನ ಮಾತು. ಬರಬರುತ್ತ ಅಕ್ಕ ಫೋನ್ ಬಿಟ್ಟಳು, ಪಂಚಮಿಗೆ ತವರಿಗೆ ಬರುವುದನ್ನೂ ಬಿಟ್ಟಳು. "ಆಕೀಗೆ ನನ್ನ ಮ್ಯಾಲೆ ಇನ್ನೂ ಸಿಟ್ಟೈತಿ" ಎನ್ನುತ್ತಿದ್ದ ಅಪ್ಪ. "ಅಪ್ಪನ ಸಿಟ್ಟ ಇಳದಿಲ್ಲ" ಎನ್ನುತ್ತಿದ್ದಳು ಅಕ್ಕ. ಅವ್ವ ಇದ್ದಿದ್ದರೆ ಇಬ್ಬರಿಗೂ ಬೈದು ಕೂಡಿಸುತ್ತಿದ್ದಳು. ಆಕೆ ಮೊದಲೇ ತೀರಿಕೊಂಡಿದ್ದಳು.

ಒಂದು ರವಿವಾರ ಅಪ್ಪನನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋದೆ. ಅಂಗಡಿಯವನು ನಮಗಾಗಿ ಮೂರು ಹೆಡ್‌ಫೋನ್ ತೆಗೆದಿಟ್ಟ. ನಮ್ಮ ಓಣಿಯ ಭಜನೆಯನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋಗಿದ್ದೆ. ಅಪ್ಪ ಮೊದಲನೆಯದನ್ನು ಹಾಕಿಕೊಂಡು ತಲೆದೂಗಿದ. ಎರಡನೆಯದಕ್ಕೆ ಮುಖ ಕಿವುಚಿದ. ಮೂರನೆಯದನ್ನು ಹಾಕಿಕೊಂಡವನೇ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕತೊಡಗಿದ.

"ಕಸಂ ಆಹೆ, ಕಾಕಾ?" ಎಂದು ಅಂಗಡಿಯವನು ಭುಜ ಮುಟ್ಟಿ, ಹೇಗಿದೆ ಎಂದು ಮರಾಠಿಯಲ್ಲಿ ಕೇಳಿದ.

"ಛಾನ್! ಇದ ಭಾಳ ಸಾಫ್ ಕೇಳಸ್ತೈತಿ."

ಆ ಹೆಡ್‌ಫೋನಿನ ವಾಯರು ಇನ್ನೂ ಅಂಗಡಿಯವನ ಕೈಯಲ್ಲೇ ಇತ್ತು. ಮೊಬೈಲಿಗೆ ಚುಚ್ಚಿರಲೇ ಇಲ್ಲ. ಅವನು ನನ್ನ ಮುಖ ನೋಡಿದ. ಒಳ್ಳೆಯ ಮನುಷ್ಯ, ನಗಲಿಲ್ಲ. ನಾನು ಅದನ್ನೇ ಕಟ್ಟಿಸಿಕೊಂಡು ಹೊರಬಿದ್ದೆ.

ಬಸ್‌ಸ್ಟ್ಯಾಂಡಿಗೆ ಬಂದು ಕಟ್ಟೆಯ ಮೇಲೆ ಕೂತೆವು. ಮಗ್ಗದ ಮೇಲೆ ಅಪ್ಪ ಅಂಗೈ ಇಡುತ್ತಿದ್ದುದು ಏಕೆಂದು ನನಗೆ ಅಲ್ಲಿ ಹೊಳೆಯಿತು. ಫೋನಿನಲ್ಲಿ ತುಟಿ ಕಾಣುವುದಿಲ್ಲ ಎಂಬುದೂ ಹೊಳೆಯಿತು. ಒಂದೇ ಮನೆಯಲ್ಲಿ ಉಂಡು ಮಲಗುವ ಮಗ, ಅಪ್ಪನಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿಯಲು ಹೆಡ್‌ಫೋನ್ ಅಂಗಡಿಗೆ ಹೋಗಬೇಕಾಯಿತು. ನಾಚಿಕೆಯಾಯಿತು, ಅಳುವೂ ಬಂತು.

"ತಿಳೀತಲ್ಲೋ ನಿನಗ?" ಎಂದ ಅಪ್ಪ.

"ಡಾಕ್ಟರ ಕಡೆ ಹೋಗೂಣಪ್ಪಾ. ಕಿವಿಗೆ ಮಶೀನ್ ಸಿಗ್ತಾವ."

"ಮಶೀನ್ ಹಾಕ್ಕೊಂಡ ಕಾರಖಾನೀಗೆ ಹೋದ್ರ ಮಾಲಕ ಇಟ್ಕೋತಾನೇನ? ಕಿವುಡನ ಕೈಯಾಗ ಮಗ್ಗ ಯಾರ ಕೊಡ್ತಾರ? ಯಾರಿಗೂ ಹೇಳಬ್ಯಾಡ. ಅಕ್ಕಗ ಅಂತೂ ಹೇಳಲೇಬ್ಯಾಡ. ಆಕಿ ಅಳಕೋತ ಊರಿಗೆಲ್ಲಾ ಹೇಳ್ತಾಳ. ನನ್ನ ಆಣಿ."

ಆಣೆ ಇಟ್ಟೆ. "ಗಡಹಿಂಗ್ಲಜಕ್ಕ ಹೋಗಿ ಬರೂಣ ನಡಿ" ಎಂದರೆ, "ಕರೀಲಾರದ ಹ್ಯಾಂಗ ಹೋಗೂದೋ?" ಎನ್ನುತ್ತಿದ್ದ. ನಾನೂ ಬಹಳ ಒತ್ತಾಯ ಮಾಡಲಿಲ್ಲ. ನಾಳೆ, ಮುಂದಿನ ಪಂಚಮಿಗೆ, ಅಪ್ಪ ಮಗ್ಗ ಬಿಟ್ಟ ಮೇಲೆ ಎಂದು ದಿನ ನೂಕಿದೆ. ಮಗ್ಗ ಬಿಡುವ ಮೊದಲೇ ಅಪ್ಪ ಹೋಗಿಬಿಟ್ಟ. ಅಕ್ಕ ಬಂದು ಗೋಡೆಗೆ ಒರಗಿ ಕೂತಳು, ಅಳಲಿಲ್ಲ. ಮೂರನೆಯ ದಿನ ಹೊರಟುಹೋದಳು. ಆಗಲೂ ನಾನು ಹೇಳಲಿಲ್ಲ. ಇನ್ನು ಹೇಳಿ ಏನುಪಯೋಗ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ.

ಮೊನ್ನೆ ರವಿವಾರ ಹೆಡ್‌ಫೋನ್ ನೆಪದಲ್ಲಿ ಗಡಹಿಂಗ್ಲಜಕ್ಕೆ ಹೋದೆ. ಅಕ್ಕನ ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಅಕ್ಕ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಆಕೆಯ ಕೈ ನಿಂತಿತು.

"ಹಂಗಾದ್ರ ಅವತ್ತ ನಾ ಫೋನ್ಯಾಗ ಕೇಳಿದ್ದು?"

"ಏನ ಕೇಳಿದ್ದಿ?"

"ಅಳಕೋತ ಕೇಳಿದ್ನೋ. ಅಪ್ಪಾ, ನಾ ಆ ಮನೀಗೆ ಬರೂದ ನಿನಗ ಬ್ಯಾಡಾಗೈತೇನ ಅಂತ. ಹೌದು, ಹೌದು ಅಂದ. ಆತು, ಇಡ್ತೇನಿ ಅಂದ. ಅವತ್ತಿಂದ ನಾ ಬರಲಿಲ್ಲ."

ಈ ಮಾತು ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದುದನ್ನು ಹೇಳಿದ್ದರೂ ಸಾಕಾಗುತ್ತಿತ್ತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಅಪ್ಪ ಸತ್ತಾಗ ಅಳದವಳು ಅಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು.

"ನಿನಗ ಗೊತ್ತಾದ ಮ್ಯಾಲೆ ಅಪ್ಪ ಎಷ್ಟ ವರ್ಷ ಇದ್ದಾ?"

"ನಾಕ ವರ್ಷ."

"ನಾಕ ವರ್ಷ" ಎಂದಳು. "ಗಡಹಿಂಗ್ಲಜ ಏನ ಭಾಳ ದೂರಿತ್ತೇನೋ ತಮ್ಮಾ?"

ಹೊರಟಾಗ ಅಕ್ಕ ಬಾಗಿಲಿಗೆ ಬರಲಿಲ್ಲ. ಊರಿಗೆ ಬಂದು ಫೋನ್ ಮಾಡಿದರೆ ಆಕೆಯ ಮಗಳು ಎತ್ತಿ, "ಅವ್ವ ಕೆಲಸದಾಗ ಅದಾಳ, ಮಾಮಾ" ಎನ್ನುತ್ತಾಳೆ. ಅಕ್ಕನಿಗೆ ಇಷ್ಟು ವರ್ಷ ಅಪ್ಪನ ಮೇಲಿದ್ದ ಸಿಟ್ಟು ಈಗ ನನ್ನ ಮೇಲಿದೆ. ಇರಲಿ. ಅಪ್ಪನ ಮೇಲಂತೂ ಇಲ್ಲ.