ಕೆರೆ ಏರಿಯ ಸದ್ದು

ವಿಗ್ರಹದ ಕಲ್ಲು ಹೊತ್ತ ನಮ್ಮ ಹಳೇ ಲಾರಿ ಅಂದು ಊರಿನ ಕೆರೆ ಏರಿಯನ್ನು ಸೆಕೆಂಡ್ ಗೇರಿನಲ್ಲೇ ಸದ್ದಿಲ್ಲದೆ ಹತ್ತಿ ಮನೆ ಮುಂದೆ ನಿಂತಿತು. ನಿಧಾನದಲ್ಲೂ ಭಾರ ಎಳೆಯಬೇಕೆಂದು ನನ್ನ ತಮ್ಮ ಮಾಲೂರಿನ ಮೆಕ್ಯಾನಿಕ್ ಹತ್ತಿರ ಇಂಜಿನ್ ಬಿಚ್ಚಿಸಿ, ಟರ್ಬೊ ಕೂರಿಸಿ, ಹೊಸದಾಗಿ ಕಟ್ಟಿಸಿದ್ದ. ಬೀಗುತ್ತಲೇ ಒಳಗೆ ಬಂದ. ಅಮ್ಮ ಇನ್ನೂ ಒಲೆಯನ್ನೇ ಹಚ್ಚಿರಲಿಲ್ಲ.

“ಯಾವಾಗ ಬಂದ್ಯೋ? ನಿಮ್ಮಪ್ಪ ಇದ್ದಾಗ್ಲಿಂದ ಏರಿ ಮೇಲೆ ಲಾರಿ ಅರಚಿದ್ರೆ ತಾನೆ ನಾನು ಮುದ್ದೆಗೆ ಎಸರಿಡೋದು,” ಎಂದಳು.

ಇಂಜಿನ್ನಿಗೆ ಅಗತ್ಯವೇ ಇಲ್ಲದಿದ್ದರೂ ಈಗ ಪ್ರತಿ ಸಲ ಏರಿಯ ಬುಡದಲ್ಲಿ ತಮ್ಮ ಫಸ್ಟ್ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತುತ್ತಾನೆ. ಅಪ್ಪನ ಲಾರಿ ಅರಚುತ್ತದೆ. ಅಮ್ಮ ಎದ್ದು ಒಲೆ ಹಚ್ಚುತ್ತಾಳೆ.